ಸೊಟ್ಟಗಿರುವುದೇ ಸರಿ

ಸಾಮಾನ್ಯ ದೋಣಿಗೆ ಎರಡೂ ಮಗ್ಗುಲು ಸಮ. ವೆನಿಸ್ಸಿನ ಗೊಂಡೋಲಾಕ್ಕೆ ಆ ಭಾಗ್ಯವಿಲ್ಲ. ಸುಮಾರು 11 ಮೀಟರ್ ಉದ್ದದ ಅದರ ಎಡಮಗ್ಗುಲು ಬಲಕ್ಕಿಂತ 24 ಸೆಂಟಿಮೀಟರ್ ಅಗಲ. ಹಾಗಾಗಿ ಖಾಲಿ ನಿಂತಾಗ ಜಗಳವಾಡಿ ಮುಖ ತಿರುಗಿಸಿಕೊಂಡವರಂತೆ ಬಲಕ್ಕೆ ವಾಲಿರುತ್ತದೆ. ಬಡಗಿಯನ್ನು ಬೈಯಬೇಕಿಲ್ಲ, ಅವನು ಅಳೆದು ಸುರಿದೇ ಸೊಟ್ಟ ಮಾಡಿದ್ದು. ಅಂಬಿಗ ಹಿಂಬದಿಯಲ್ಲಿ ನಿಂತು ಒಂದೇ ಹುಟ್ಟನ್ನು ಬಲಕ್ಕೆ ಹಾಕುತ್ತಾನೆ. ಬೇರೆ ದೋಣಿ ಹೀಗೆ ಒಂಟಿ ಹುಟ್ಟಿಗೆ ಸಿಕ್ಕರೆ ಇದ್ದಲ್ಲೇ ಗಿರಗಿರ ಸುತ್ತೀತು. ಗೊಂಡೋಲಾವನ್ನು ಅದರ ಸೊಟ್ಟತನವೇ ನೆಟ್ಟಗೆ ಒಯ್ಯುತ್ತದೆ.

ಕೂತು ಹುಟ್ಟು ಹಾಕುವವನು ಊರಿಗೆ ಬೆನ್ನು ತೋರಿಸಿಕೊಂಡೇ ಊರು ಸೇರುತ್ತಾನೆ. ಗೊಂಡೋಲಾದವನು ನಿಂತು, ಮುಂದೆ ನೋಡುತ್ತ, ಸೇತುವೆ ಬಂದಾಗ ತಲೆ ತಗ್ಗಿಸಿ ಸಾಗುತ್ತಾನೆ. ಹುಟ್ಟು ಒರಗುವ ಫೋರ್ಕೊಲಾ ಎಂಬ ಅಂಕುಡೊಂಕು ಕಟ್ಟಿಗೆಯನ್ನು ಹೆಚ್ಚಾಗಿ ಆಕ್ರೋಟ್ ಮರದಲ್ಲಿ ಕಡೆಯುತ್ತಾರೆ. ಮುಂದೆ ಹೋಗಲು ಒಂದು ತಿರುವು, ಹಿಂದೆ ಸರಿಯಲು ಇನ್ನೊಂದು, ನಿಧಾನಕ್ಕೆ ಮತ್ತೊಂದು. ಗೇರ್ ಪೆಟ್ಟಿಗೆಯ ಕೆಲಸವೆಲ್ಲ ಅದರ ತಲೆಗೇ. ದೋಣಿಯ ತಳ ಚಪ್ಪಟೆ, ಕಾಲುವೆಯಲ್ಲಿ ಆಳವಿಲ್ಲವಲ್ಲ!

ಬಣ್ಣದಲ್ಲೂ ಆಯ್ಕೆಯಿಲ್ಲ. ಶ್ರೀಮಂತರು ಪೈಪೋಟಿಗೆ ಬಿದ್ದು ದೋಣಿ ಸಿಂಗರಿಸತೊಡಗಿದಾಗ ಸರ್ಕಾರ ದುಂದಿಗೆ ಕಡಿವಾಣ ಹಾಕಿತು, ಎಲ್ಲವೂ ಕಪ್ಪಾದವು. ಹೊಳೆಯಲು ಉಳಿದದ್ದು ಮೂತಿಯ ಲೋಹದ ಫೆರ್ರೊ. ಅದರ ಆರು ಹಲ್ಲು ನಗರದ ಆರು ವಿಭಾಗಗಳಂತೆ, ಹಿಂದಕ್ಕೆ ಚಾಚಿದ್ದು ಜ್ಯುದೆಕ್ಕಾ ದ್ವೀಪವಂತೆ. ಪ್ರವಾಸಿಗರು ಮೆತ್ತೆಯ ಮೇಲೆ ಕೂತು ಇದನ್ನು ಕೇಳಲು ಕೈತುಂಬ ಯೂರೊ ಸುರಿಯುತ್ತಾರೆ. ಊರಿನವರು ಚಿಲ್ಲರೆ ಕೊಟ್ಟು ಟ್ರಾಗೆಟ್ಟೊ ಎಂಬ ದೊಡ್ಡ ಗೊಂಡೋಲಾ ಹತ್ತಿ, ನಿಂತುಕೊಂಡೇ ಮಹಾಕಾಲುವೆ ದಾಟುತ್ತಾರೆ.