ನಮ್ಮಾಂವ ಒಬ್ಬ ಅದಾನ

ಕಾಕಾನ ಮೊಬೈಲಿನಲ್ಲಿ ಮನುಷ್ಯರ ಹೆಸರುಗಳಿಲ್ಲ. ‘ಆಳಂದ ಫ್ರಿಜ್’, ‘ಜೇವರ್ಗಿ ಕರೆಂಟ್’, ‘ಅಫಜಲಪುರ ಹಳೇ ಸಾಮಾನು’, ‘ಗಾಣಗಾಪುರ ರೂಮ್’, ಹೀಗೆ ಊರು ಮತ್ತು ಉಪಯೋಗ ಅಷ್ಟೇ. ಒಮ್ಮೆ ಅವನೆದುರೇ ಕೂತು ರಿಂಗ್ ಕೊಟ್ಟೆ. ‘ಪೇಪರ್ ಬರಿಯಾಂವ’ ಎಂದು ಬೆಳಗಿತು.

ಇವರೆಲ್ಲ ‘ನಮ್ಮಾಂವ’ರು. ಅಂಗಡಿ ಎಂಬುದು ಊರೂರಿಗೆ ನಮ್ಮಾಂವ ಇಲ್ಲದ ದಿಕ್ಕೇಡಿಗಳಿಗೆ ಎಂದು ಕಾಕಾನ ನಂಬಿಕೆ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸಾಲು ಸಾಲು ಅಂಗಡಿಗಳ ಮುಂದೆ ಅವನು ಮೂಗು ಹಿಡಿದು ನಡೆಯುತ್ತಾನೆ. ಒಂದು ಬಲ್ಬು ಬೇಕೆಂದರೂ, “ಬ್ಯಾಡ ತಡಿ, ನಮ್ಮಾಂವ ಒಬ್ಬ ಅದಾನ.” ನಮ್ಮಾಂವ 60 ರೂಪಾಯಿ ಉಳಿಸಿಕೊಡುತ್ತಾನೆ. ಅವನಿರುವಲ್ಲಿಗೆ ಡೀಸೆಲ್ಲಿಗೆ 600.

ರಿಟೈರಾದ ಮೇಲೆ ಕಾಕಾ ಒಂದು ಹಳೇ ಟೆಂಪೋ ಕೊಂಡು ಹಿಂದೆ ಎರಡು ಮಂಚ, ಒಂದು ಒಲೆ, ಒಂದು ಫ್ರಿಜ್ ಕೂರಿಸಿದ. ಬೆಂಗಳೂರಿನವರು ಇಂಥದ್ದಕ್ಕೆ ಕ್ಯಾರವಾನ್ ಅಂತಾರೆ, ನಮ್ಮ ಓಣಿಯವರು ‘ಗಾಡಿಮನಿ’ ಎಂದರು. ಅಕ್ಕಲಕೋಟ, ತುಳಜಾಪುರ, ಪಂಢರಪುರ ಎಲ್ಲ ಅದರಲ್ಲೇ ಆಯಿತು. ವೈರಿಂಗ್ ಮಾಡಿದವನು ಯಾರೆಂದು ಬೇರೆ ಹೇಳಬೇಕಿಲ್ಲ.

ಮೇ ತಿಂಗಳು. ನಮ್ಮ ಕಡೆ ಆಗ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬೀಗ ಹಾಕುತ್ತವೆ. ಆ ಆದೇಶ ತನಗೂ ಬಂದಿದೆ ಎಂದುಕೊಂಡಿತೋ ಏನೋ, ಗಾಡಿಮನಿಯ ಫ್ರಿಜ್ ಒಂದು ಮಧ್ಯಾಹ್ನ ನಿಂತೇಬಿಟ್ಟಿತು. ಟಕ್ ಅನ್ನುತ್ತದೆ, ಸುಮ್ಮನಾಗುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ಟಕ್.

ಆಳಂದದ ನಮ್ಮಾಂವ ದರ್ಗಾದ ಹಾದಿಯಲ್ಲಿ ಸಿಕ್ಕ. ಬಾಗಿಲು ಕೂಡ ತೆಗೆಯದೆ, ಬೆನ್ನಿಗೆ ಕಿವಿ ಹಚ್ಚಿ, “ಗ್ಯಾಸ್ ಹೋಗ್ಯಾದ್ರಿ, ಖಲಾಸ್” ಅಂದ. ನಮ್ಮ ಜಿಲ್ಲೆಯಲ್ಲಿ ಮನುಷ್ಯರಿಗೂ ಫ್ರಿಜ್ಜಿಗೂ ಮೊದಲ ತಪಾಸಣೆಯಲ್ಲಿ ಸಿಗುವ ರೋಗ ಗ್ಯಾಸೇ. ಗ್ಯಾಸ್ ಹೋದ ಫ್ರಿಜ್ ಓಡುತ್ತದೆ, ತಣ್ಣಗಾಗುವುದಿಲ್ಲ. ಇದು ಓಡುತ್ತಲೇ ಇಲ್ಲವಲ್ಲ ಎಂದೆ. “ನೀ ಪೇಪರ್ ಬರಿಯಾಂವ,” ಅಂದ ಕಾಕಾ.

ಮರುದಿನ ಅಫಜಲಪುರ. ಅಲ್ಲಿಯ ನಮ್ಮಾಂವನದು ಮುಂದೆ ಸೋಡಾ ಅಂಗಡಿ, ಹಿಂದೆ ಹಳೇ ಸಾಮಾನು. ಒಂದು ನೀಲಿ ಫ್ರಿಜ್ ತೋರಿಸಿ ಗೋಡೆಯ ಪ್ಲಗ್ಗಿಗೆ ಚುಚ್ಚಿದ. ಗುರ್ ಎಂದು ಓಡಿತು. ನಮ್ಮ ಸತ್ತ ಫ್ರಿಜ್ಜಿಗೆ 500 ಹಿಡಿದು, ಮೇಲೆ 4,500 ಇಸಿದುಕೊಂಡ. “ಬ್ಯಾರೆಯವರಿಗಾದ್ರ ಆರು ಸಾವಿರ” ಎಂದದ್ದು ಕೇಳಿ ಕಾಕಾ ನನ್ನತ್ತ ನೋಡಿದ ನೋಟ ಹೇಳತೀರದು.

ನೀಲಿ ಫ್ರಿಜ್ ಗಾಡಿಯ ಬಾಗಿಲಿಗಿಂತ ಎರಡು ಬೆರಳು ಅಗಲ. ಕಿಟಕಿಯ ಚೌಕಟ್ಟು ಬಿಚ್ಚಿ, ಫ್ರಿಜ್ಜನ್ನು ಹೆಣದಂತೆ ಮಲಗಿಸಿ, ನಾಲ್ಕು ಜನ ಒಳಗೆ ತೂರಿಸಿದೆವು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಏರುತ್ತದೆ, ನಿಲ್ಲಿಸಿ ಕೆಲವು ತಾಸು ಬಿಡಬೇಕು ಎಂದು ಸೋಡಾ ಕುಡಿಯಲು ಬಂದಿದ್ದ ಹುಡುಗನೊಬ್ಬ ಹೇಳಿದ. ಅವನು ಯಾರ ನಮ್ಮಾಂವನೂ ಅಲ್ಲ. ಆದರೂ, ಜೊತೆಗಿದ್ದ ತನ್ನ ಮಡದಿಯ ಮುಖ ನೋಡಿ, ಕಾಕಾ ಆ ರಾತ್ರಿ ಕಾದ. ಬೆಳಿಗ್ಗೆ ಸ್ವಿಚ್ ಒತ್ತಿದ.

ಟಕ್.

ಭೀಮಾ ದಾಟಿ ಜೇವರ್ಗಿಗೆ ಹೋದೆವು. ‘ಜೇವರ್ಗಿ ಕರೆಂಟ್’ ಊರಲ್ಲಿರಲಿಲ್ಲ, ಮಗ ಇದ್ದ. ಆ ಹುಡುಗ ಫ್ರಿಜ್ಜಿನ ಕಡೆ ತಿರುಗಿಯೂ ನೋಡದೆ ಬ್ಯಾಟರಿಗೆ ಮೀಟರ್ ಹಚ್ಚಿದ. ಬ್ಯಾಟರಿಯ ಬಾಯಲ್ಲಿ 12.6 ವೋಲ್ಟ್. ಇನ್ವರ್ಟರಿನ ಬಾಯಲ್ಲಿ, ಕಂಪ್ರೆಸರ್ ಏಳಲು ಹೆಣಗುವ ಆ ಗಳಿಗೆಯಲ್ಲಿ, ಹತ್ತಕ್ಕೂ ಕೆಳಗೆ. ಫ್ರಿಜ್ ಓಡುವಾಗ ಉಣ್ಣುವುದು ನೂರು ವ್ಯಾಟಿನ ಆಸುಪಾಸು, ಎದ್ದೇಳುವಾಗ ಕೇಳುವುದು ಅದರ ಹಲವು ಪಟ್ಟು. ನಡುವೆ ಇದ್ದ ವೈರು ಮನೆಯ ಟ್ಯೂಬ್‌ಲೈಟಿಗೆ ಎಳೆಯುವಂಥದ್ದು.

“ಇಷ್ಟು ಸಣ್ಣ ವೈರ್ ಯಾರು ಹಾಕ್ಯಾರ್ರಿ?”

“ನಿಮ್ಮಪ್ಪ,” ಅಂದ ಕಾಕಾ.

ಹುಡುಗ ಮಾತಾಡದೆ ಬೆರಳು ಗಾತ್ರದ ವೈರು ಎಳೆದ. ನೀಲಿ ಫ್ರಿಜ್ ಒಂದೇ ಏಟಿಗೆ ಓಡಿತು. ಅಂದರೆ ಹಳೆಯದಕ್ಕೂ ಏನೂ ಆಗಿರಲಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಕಾಕಾ ಆಗಲೇ ‘ಜೇವರ್ಗಿ ಕರೆಂಟ್ 2’ ಎಂದು ನಂಬರು ಸೇವ್ ಮಾಡಿಕೊಳ್ಳುತ್ತಿದ್ದ.

ಹದಿನೈದು ದಿನದ ಮೇಲೆ ಗಾಣಗಾಪುರಕ್ಕೆ ಹೋಗಿ ಸಂಗಮದಲ್ಲಿ ಮುಳುಗೆದ್ದು ಅಫಜಲಪುರಕ್ಕೆ ಬಂದೆವು. ಸೋಡಾ ಅಂಗಡಿಯ ಮುಂದೆ ನಮ್ಮ ಹಳೇ ಫ್ರಿಜ್, ಕಾಕಾನೇ ಅಂಟಿಸಿದ್ದ ದತ್ತಾತ್ರೇಯನ ಸ್ಟಿಕ್ಕರಿನ ಸಮೇತ, ಬೆವರುತ್ತ ನಿಂತಿತ್ತು. ನಮ್ಮಾಂವ ಅದರೊಳಗಿಂದ ಎರಡು ಬಾಟಲಿ ತೆಗೆದ. ಹಲ್ಲು ಜುಮ್ಮೆನ್ನುವಂಥ ಥಂಡ. ಕಾಕಾ ಅರ್ಧ ಬಾಟಲಿ ಒಂದೇ ಗುಟುಕಿಗೆ ಇಳಿಸಿ, ಫ್ರಿಜ್ಜಿನ ತಲೆಯ ಮೇಲೆ ಕೈಯಾಡಿಸಿ, “ಮಷೀನ್ ಛಲೋ ಅದ” ಅಂದ.

ಒಂದು ಸೋಡಾಕ್ಕೆ 20 ರೂಪಾಯಿ. ನಮ್ಮಾಂವ ಅಂತ 15 ಇಸಿದುಕೊಂಡ. ನನ್ನ ಹತ್ತಿರ ಪೂರಾ 20.