ಸ್ಪ್ಯಾನರ್ ಮಾವ

ಸಂಪಾಜೆಯಲ್ಲಿ ಸೈಕಲ್ ಓಡಿಸುವುದಕ್ಕೆ ಗುಂಡಿಗೆ ಬೇಕು. ಹೆದ್ದಾರಿ 275ರಲ್ಲಿ ಮೂಡಕ್ಕೆ ಹೊರಟರೆ ಮಡಿಕೇರಿ ಘಾಟಿಯ ಏರು; ಪಡುವಕ್ಕೆ ತಿರುಗಿದರೆ ಕಲ್ಲುಗುಂಡಿ, ಅರಂತೋಡು ದಾಟಿ ಸುಳ್ಯದವರೆಗೂ ಬೆನ್ನ ಹಿಂದೆ ಲಾರಿಗಳ ಹಾರನ್ನು. ಸ್ಪ್ಯಾನರ್ ಮಾವನಿಗೆ ಇವೆರಡೂ ತಾಪತ್ರಯವಿಲ್ಲ. ಅವರ ಸೈಕಲ್ ಅಂಗಳ ದಾಟಿದರೆ ತಾನೆ?

ಇಂಥ ಮಾವ ಊರಿಗೊಬ್ಬರು ಇದ್ದೇ ಇರುತ್ತಾರೆ. ನಿವೃತ್ತಿ ಆಗಿದೆ, ತೋಟವನ್ನು ಮಗ ನೋಡಿಕೊಳ್ಳುತ್ತಾನೆ, ಮೊಬೈಲಿನಲ್ಲಿ ರಿಪೇರಿ ವಿಡಿಯೊ ನೋಡಿ ನೋಡಿ ಕೈ ತುರಿಸುತ್ತಿದೆ. 8ನೇ ತರಗತಿಯ ಮಕ್ಕಳಿಗೆ ಸರ್ಕಾರ 2006–07ರಲ್ಲಿ ಸೈಕಲ್ ಕೊಡಲು ಶುರು ಮಾಡಿದ ಕಾಲದಲ್ಲಿ ಮಗಳಿಗೆ ಸಿಕ್ಕ ಸೈಕಲ್ಲು ಅಡಿಕೆ ಗೋಣಿಗಳ ಹಿಂದೆ ಒರಗಿಕೊಂಡೇ ಇದೆ. ಮಗಳು ಬೆಂಗಳೂರಿಗೆ ಹೋಗಿ ವರ್ಷಗಳಾದವು.

“ಅಂಗಡಿಗೆ ಯಾಕೆ ಕೊಡುವುದು ಮಾರಾಯ? ಇದರಲ್ಲಿ ಎಂತ ಉಂಟು? ನಾಲ್ಕು ನಟ್ಟು, ಒಂದು ಚೈನು.”

ಮೊದಲ ಪಾಠ ಎಡಗಡೆಯ ಪೆಡಲಿನದ್ದು. ಬಲಗಡೆಯದ್ದು ಸಲೀಸಾಗಿ ಬಿಚ್ಚಿತು. ಎಡಗಡೆಯದ್ದನ್ನೂ ಹಾಗೇ ತಿರುಗಿಸಿದರು, ಅಲುಗಲಿಲ್ಲ. ಸೀಮೆಎಣ್ಣೆ ಬಿಟ್ಟರು, ಸುತ್ತಿಗೆಯಿಂದ ತಟ್ಟಿದರು, ಕೊನೆಗೆ ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಇಡೀ ಮೈಭಾರ ಹಾಕಿದರು. ಬೆವರು ಇಳಿಯಿತೇ ಹೊರತು ಪೆಡಲು ಕಳಚಲಿಲ್ಲ. ಚಾ ತಂದ ಅತ್ತೆ, “ಒಮ್ಮೆ ಆಚೆ ಬದಿಗೆ ತಿರುಗಿಸಿ ನೋಡಬಾರದಾ?” ಅಂದರು. ತಿರುಗಿಸಿದರೆ ಬಂತು! ತುಳಿಯುವಾಗ ತಾನಾಗಿ ಸಡಿಲವಾಗಬಾರದೆಂದು ಎಡ ಪೆಡಲಿಗೆ ಥ್ರೆಡ್ಡನ್ನು ಉಲ್ಟಾ ಹಾಕಿರುತ್ತಾರೆ. ಅಂದಿನಿಂದ ಮನೆಗೆ ಬಂದವರಿಗೆಲ್ಲ ಮಾವ ಚಾಕ್ಕಿಂತ ಮೊದಲು ಕೊಡುವುದು ಈ ವಿವರಣೆಯನ್ನೇ. ಅತ್ತೆಯ ಪಾತ್ರ ಅದರಲ್ಲಿ ಇಲ್ಲ.

ಚೈನಿಗೆ ಕೊಬ್ಬರಿ ಎಣ್ಣೆ ಬಿಟ್ಟದ್ದು ಎರಡನೇ ಪ್ರಯೋಗ. ತಲೆಗೆ ಆಗುವುದು ಚೈನಿಗೆ ಆಗದೆ? ಆದರೆ 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಡಿಸೆಂಬರಿನ ಬೆಳಗ್ಗೆ ಸಂಪಾಜೆ ಅದಕ್ಕಿಂತ ತಣ್ಣಗಿರುತ್ತದೆ. ಚೈನಿನ ಕೊಂಡಿ ಕೊಂಡಿಯಲ್ಲೂ ಬೆಳ್ಳಗೆ ತುಪ್ಪ.

ಪಂಚರಿನ ಕತೆ ಇನ್ನೂ ದೊಡ್ಡದು. ಬಾಲ್ದಿ ನೀರಿನಲ್ಲಿ ಟ್ಯೂಬ್ ಮುಳುಗಿಸಿ, ಗುಳ್ಳೆ ಏಳುವ ಜಾಗವನ್ನು ಮಾವ ಜಾಣ್ಮೆಯಿಂದಲೇ ಹಿಡಿದರು. ಸೊಲ್ಯೂಶನ್ ಹಚ್ಚಿ ಅದು ಆರುವ ತನಕ ಕಾಯುವ ತಾಳ್ಮೆ ಇಲ್ಲದೆ ಪ್ಯಾಚು ಜಾರಿತು. ಸುತ್ತ ರಬ್ಬರ್ ತೋಟ ಇರುವಾಗ ಪೇಟೆಯ ಹಂಗೇಕೆಂದು ಚಿಪ್ಪಿನಿಂದ ಹಾಲು ತಂದು ಮೆತ್ತಿದರು. ಹಸಿ ರಬ್ಬರು ಬಿಸಿಲಿಗೆ ಅಂಟುತ್ತದೆ, ಚಳಿಗೆ ಸೆಟೆಯುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಮಾವನ ಕೊಟ್ಟಿಗೆಯಲ್ಲಿ ಇನ್ನೂ 1838 ನಡೆಯುತ್ತಿತ್ತು. ಕೊನೆಗೆ ಪೇಟೆಯ ಪ್ಯಾಚೇ ಹಿಡಿಯಿತು. ಆ ಖುಷಿಯಲ್ಲಿ ಟಯರನ್ನು ಸ್ಕ್ರೂಡ್ರೈವರಿನಿಂದ ಒಳಗೆ ತುರುಕುವಾಗ ಟ್ಯೂಬಿಗೆ ಹೊಸದಾಗಿ ಎರಡು ತೂತು ಬಿತ್ತು.

ಹಿಂದಿನ ಚಕ್ರದ ಹಬ್ಬು ಬಿಚ್ಚಿದ ದಿನ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಹಬ್ಬಿನಲ್ಲಿ ಬದಿಗೆ ಒಂಬತ್ತರಂತೆ ಕಾಲಿಂಚಿನ 18 ಬಾಲ್ಸು. ಅಷ್ಟೂ ಅಡಿಕೆಯ ನಡುವೆ ಉರುಳಿದವು. ಮನೆಮಂದಿಯೆಲ್ಲ ಬಗ್ಗಿ ಹೆಕ್ಕಿದರೂ ಸಿಕ್ಕಿದ್ದು 17.

“ಒಂದು ಕಡಿಮೆ ಇದ್ದರೆ ಚಕ್ರ ಇನ್ನೂ ಹಗುರ ತಿರುಗುತ್ತದೆ,” ಎಂದರು ಮಾವ. ಹದಿನೆಂಟನೆಯದ್ದು ಅಡಿಕೆ ಸುಲಿಯುವವರಿಗೆ ಸಿಕ್ಕಿತು.

ಹೀಗೆ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ ಮಾವ ನಿಜವಾಗಿಯೂ ಕೆಲಸ ಕಲಿತುಬಿಟ್ಟರು. ಒಂದು ಬೆಳಗ್ಗೆ ಸೈಕಲ್ಲು ಕಿರ್ರೆನ್ನದೆ ಓಡಿತು, ಬ್ರೇಕು ಹಿಡಿದಲ್ಲಿ ನಿಂತಿತು. ಮಾವ ಅಂಗಳದಲ್ಲಿ ಎರಡು ಸುತ್ತು ಹಾಕಿ, ಇಳಿದು, ಮುಖ ಸಪ್ಪೆ ಮಾಡಿಕೊಂಡು ಜಗಲಿಯಲ್ಲಿ ಕೂತರು. ಇನ್ನು ಅದರಲ್ಲಿ ಮಾಡುವುದಕ್ಕೆ ಎಂತ ಉಂಟು?

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಹೊಸ ಗೇರ್ ಸೈಕಲ್ಲಿನಲ್ಲಿ ಗೇಟಿನೆದುರು ಹಾದುಹೋದ.

“ನಿಲ್ಲು ಮಗ. ಅದರ ಹಿಂದೆ ಎಂತದೋ ಶಬ್ದ ಬರ್ತಾ ಉಂಟಲ್ಲ?”

“ಇಲ್ಲ ಮಾವ, ಮೊನ್ನೆಯಷ್ಟೇ ತಂದದ್ದು.”

“ಉಂಟು. ನೀನು ಇಳಿ.”