ಕಿವಿಗೆ ಬಂದ ನೆಂಟರು

ಯಾರ ಮನೆಯಲ್ಲಿ ಏನು ಕೆಟ್ಟರೂ ನಮ್ಮ ಸೋದರಮಾವನಿಗೆ ವಾಸನೆ ಬಡಿಯುತ್ತದೆ. ಕರೆಯುವ ಮೊದಲೇ ಸ್ಕೂಟರಿನಲ್ಲಿ ಬ್ಯಾಗಿಟ್ಟುಕೊಂಡು ಬಂದುಬಿಡುತ್ತಾರೆ. ತಂಗಿಯ ಮದುವೆಗೆ ಮೂರು ದಿನ ಮುಂಚೆ ಬಂದು, ಮುಗಿದ ಮೇಲೆ ಹದಿನೆಂಟು ದಿನ ಇದ್ದು, ಸೋರದ ನಲ್ಲಿಯನ್ನು ರಿಪೇರಿ ಮಾಡಿ ಸೋರಿಸಿದವರು.

ಈ ಸಲ ಸೋರಿದ್ದು ನನ್ನ ಎಡಗಿವಿ. ಚಿಕ್ಕಂದಿನಲ್ಲೇ ತಮಟೆ ತೂತಾದ ಕಿವಿ. ಮಾವ ಬಂದವರೇ ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಾಯಿಸಿ, ಎರಡೆಸಳು ಬೆಳ್ಳುಳ್ಳಿ ಹಾಕಿ, "ಕಿವಿ ಕೊಡೋ" ಎಂದರು. ಐವತ್ತೆರಡರ ಗಂಡಸು ನಾನು, ಮಗುವಿನಂತೆ ತಲೆ ವಾಲಿಸಿದೆ. ಎಣ್ಣೆ ಬಿಟ್ಟು, ಸ್ಕೂಟರ್ ಕೀಲಿಗೆ ಹತ್ತಿ ಸುತ್ತಿ ಒರೆಸಿದರು. ಅದೇ ಕೀಲಿಯಲ್ಲಿ ಬೆಳಿಗ್ಗೆ ತಮ್ಮ ಕಿವಿ ಕೆರೆದುಕೊಂಡದ್ದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ. ರಾತ್ರಿಯಿಡೀ ಕಿವಿಯೊಳಗೆ ಡೊಳ್ಳು ಕುಣಿತ.

ಕಿವಿ ಡಾಕ್ಟರು ಕೀವು ತೆಗೆದು ತೋರಿಸಿದರು. "ಇದೆಲ್ಲ ಹೆಚ್ಚಾಗಿ ನಿಮ್ಮದೇ ಸತ್ತ ಬಿಳಿ ರಕ್ತಕಣ." ಸೋಂಕೆಂದರೆ ಮೊದಲು ಓಡಿ ಬರುವುದು ನ್ಯೂಟ್ರೊಫಿಲ್ ಎಂಬ ಬಿಳಿ ಕಣ. ಕಿಣ್ವ ಎರಚಿ, ತನ್ನದೇ ಡಿಎನ್‌ಎ ಎಳೆಗಳನ್ನು ಬಲೆಯಾಗಿ ಬೀಸಿ ಸಾಯುತ್ತದೆ. ಹಿಂದೆಯೇ ಮ್ಯಾಕ್ರೊಫೇಜ್ ಎಂಬ ಇನ್ನೊಂದು ಕಣ ಬಂದು ಹೆಣ ಗುಡಿಸಬೇಕು. ಆದರೆ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಲೋಳೆಯ ಕೋಟೆ ಕಟ್ಟಿ ಕೂತರೆ ಈ ಕೆಲಸ ಮುಗಿಯುವುದೇ ಇಲ್ಲ. ಬಂದವರು ಹೊರಡುವುದೂ ಇಲ್ಲ. ಶತ್ರುವಿಗೆ ಎರಚಿದ ಕಿಣ್ವ ಮನೆಯ ಒಳಪೊರೆಯನ್ನೇ ಸುಡುತ್ತದೆ. ಇವರ ಗದ್ದಲಕ್ಕೆ ಮೂಳೆ ಕರಗಿಸುವ ಕೋಶಗಳೂ ಏಳುತ್ತವೆ. ಕಿವಿಯ ಮೂರು ಪುಟ್ಟ ಮೂಳೆಗಳಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ನಡುವಿನ ಅಡಿಗಲ್ಲು. ಆಮೇಲೆ ಕಿವಿ ಮಂದ.

ಡಾಕ್ಟರು ಹೇಳುತ್ತಿದ್ದುದು ಮ್ಯಾಕ್ರೊಫೇಜ್ ಕತೆ; ನನ್ನ ಕಣ್ಣಿಗೆ ಕಟ್ಟಿದ್ದು ನಲ್ಲಿ ಬಿಚ್ಚುತ್ತಿರುವ ಮಾವ.

"ಹಾಗಾದರೆ ಈ ಕಣಗಳೇ ಬೇಡವಲ್ಲ ಡಾಕ್ಟ್ರೇ?" ಎಂದೆ. ನ್ಯೂಟ್ರೊಫಿಲ್ ತೀರ ಕಡಿಮೆಯಾದವರಿಗೆ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದಂತೆ. ಅಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ರಾತ್ರಿ ನೆನಪಾಯಿತು. ಕರೆದ ನೆಂಟರು ಫೋನೇ ಎತ್ತಲಿಲ್ಲ. ಕರೆಯದೆ ಬಂದು ವರಾಂಡದ ಬೆಂಚಿನಲ್ಲಿ ಬೆಳಗಿನವರೆಗೆ ನನ್ನ ಪಕ್ಕ ಕೂತವರು ಮಾವ. ಆ ರಾತ್ರಿ ಅವರು ಏನನ್ನೂ ರಿಪೇರಿ ಮಾಡಲಿಲ್ಲ.

ಈಗ ಡಾಕ್ಟರು ಬರೆದುಕೊಟ್ಟ ಹನಿ ಬಿಡುತ್ತಿದ್ದೇನೆ. ಸ್ನಾನಕ್ಕೆ ಹೋಗುವಾಗ ವ್ಯಾಸಲೀನ್ ಸವರಿದ ಹತ್ತಿ. ಕಿವಿ ಒಣಗಿದ ಮೇಲೆ ತಮಟೆಯ ತೂತಿಗೆ ತೇಪೆ ಹಾಕುತ್ತಾರಂತೆ. ಎಣ್ಣೆ ಮಾತ್ರ ಕೂಡದು. ಮಾವನ ಸ್ಕೂಟರ್ ಕೀಲಿಯನ್ನು ಬಚ್ಚಿಟ್ಟಿದ್ದೇನೆ. ಅದಕ್ಕೇ ಅವರಿನ್ನೂ ಹೊರಟಿಲ್ಲ.